ಔಷಧಕ್ಕೆ ಬಗ್ಗದ ಹೇನು ತೆರುವ ಬೆಲೆ

ಮೊದಲು ಒಂದೇ ಸಿಂಪರಣೆಗೆ ಉದುರುತ್ತಿದ್ದ ಹೇನು ಈಗ ಎರಡರಷ್ಟು ಔಷಧ ಹೊಡೆದರೂ ಜಗ್ಗುವುದಿಲ್ಲ ಎಂಬ ದೂರು ಮೆಣಸಿನಕಾಯಿ, ಆಲೂಗೆಡ್ಡೆ, ಹೊಗೆಸೊಪ್ಪು ಬೆಳೆಯುವ ಊರುಗಳಲ್ಲಿ ಕೇಳಿಬರುತ್ತದೆ. ಅಂಗಡಿಯವನು ಕಲಬೆರಕೆ ಮಾಲು ಕೊಟ್ಟನೆಂದು ರೈತರು ಬೈಯುವುದೂ ಉಂಟು. ಕೆಲವು ಸಲ ಅದು ನಿಜವೇ ಇರಬಹುದು. ಆದರೆ ಅನೇಕ ವೇಳೆ ಔಷಧ ಮೊದಲಿನಂತೆಯೇ ಇದ್ದು, ಕೀಟ ಬದಲಾಗಿರುತ್ತದೆ.

ಔಷಧವು ಕೀಟಕ್ಕೆ ನಿರೋಧಕ ಶಕ್ತಿಯನ್ನು ಕಲಿಸುವುದಿಲ್ಲ. ಸಾವಿರಾರು ಹೇನುಗಳ ನಡುವೆ ಮೊದಲೇ ಇದ್ದ ಕೆಲವು ಗಟ್ಟಿ ಹೇನುಗಳನ್ನು ಉಳಿಸಿ, ಮಿಕ್ಕವನ್ನು ಕೊಲ್ಲುತ್ತದೆ, ಅಷ್ಟೆ. ಉಳಿದವುಗಳ ಸಂತತಿ ಹೊಲ ತುಂಬುತ್ತದೆ. ಹಾಗಾದರೆ ಔಷಧ ಬರುವ ಮೊದಲೇ ಎಲ್ಲ ಹೇನುಗಳೂ ಗಟ್ಟಿಯಾಗಿರಲಿಲ್ಲವೇಕೆ? ಆ ಗಟ್ಟಿತನಕ್ಕೆ ಬೆಲೆ ತೆರಬೇಕಾಗುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಕಳ್ಳರ ಭಯಕ್ಕೆ ಮನೆಯಲ್ಲಿ ಹತ್ತು ಮಂದಿ ಕಾವಲುಗಾರರನ್ನು ಇಟ್ಟುಕೊಂಡರೆ, ಕಳ್ಳ ಬಂದರೂ ಬಾರದಿದ್ದರೂ ಅವರಿಗೆ ಎರಡು ಹೊತ್ತು ಊಟ ಹಾಕಲೇಬೇಕಲ್ಲವೆ?

ಹಸಿರು ಪೀಚ್ ಹೇನಿನಲ್ಲಿ ಈ ಲೆಕ್ಕವನ್ನು ಚೆನ್ನಾಗಿ ಪರಿಶೀಲಿಸಲಾಗಿದೆ. ಮೇಲೆ ಹೇಳಿದ ಮೂರು ಬೆಳೆಗಳಿಗೂ ಬೀಳುವ ಹೇನು ಇದು. ಆರ್ಗನೋಫಾಸ್ಫೇಟ್ ಗುಂಪಿನ ಔಷಧಗಳನ್ನು ಹಿಡಿದಿಟ್ಟು ಒಡೆಯುವ ಕಿಣ್ವವೊಂದು ಇದರ ದೇಹದಲ್ಲಿದೆ. ಈ ಕಿಣ್ವವನ್ನು ತಯಾರಿಸುವ ವಂಶವಾಹಿಯ ಪ್ರತಿಗಳು ಅತಿ ನಿರೋಧಕ ಹೇನುಗಳಲ್ಲಿ 80ರವರೆಗೂ ಇರುವುದು ಕಂಡುಬಂದಿದೆ. ಹೀಗೆ ಕಿಣ್ವವನ್ನು ರಾಶಿರಾಶಿಯಾಗಿ ತಯಾರಿಸುವ ಹೇನು ಬೇರೆ ಕಡೆ ಸೋಲುತ್ತದೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ, ಅತಿ ನಿರೋಧಕ ಹೇನುಗಳು ಚಳಿಗಾಲದಲ್ಲಿ ಹೆಚ್ಚಾಗಿ ಸತ್ತವು. ಹಣ್ಣಾಗಿ ಉದುರಲಿರುವ ಎಲೆಯನ್ನು ಬಿಟ್ಟು ಹಸಿರೆಲೆಗೆ ಸರಿಯುವುದರಲ್ಲಿ ಅವು ನಿಧಾನ. ಎಲೆಯೊಡನೆ ಅವೂ ನೆಲಕ್ಕೆ ಬೀಳುತ್ತಿದ್ದವು. ಇನ್ನೊಂದು ದೋಷವೂ ಕಂಡಿತು. ಶತ್ರು ಮೇಲೆ ಬಿದ್ದಾಗ ಹೇನು ತನ್ನ ಬೆನ್ನಿನ ಹಿಂಭಾಗದ ಕೊಳವೆಗಳಿಂದ ಎಚ್ಚರಿಕೆಯ ವಾಸನೆಯನ್ನು ಬಿಡುತ್ತದೆ. ಸುತ್ತಲಿನ ಸಾಧಾರಣ ಹೇನುಗಳು ಕೂಡಲೇ ಚದುರುತ್ತವೆ. ನಿರೋಧಕ ಹೇನುಗಳಲ್ಲಿ ಬಹಳಷ್ಟು ಅಲ್ಲಿಯೇ ಕುಳಿತಿರುತ್ತವೆ. ಹೇನಿನ ಮೈಯೊಳಗೆ ಮೊಟ್ಟೆಯಿಡುವ ಪುಟ್ಟ ಕಣಜಕ್ಕೆ ಇಂಥವು ಸುಲಭವಾಗಿ ಸಿಕ್ಕಿಬೀಳುತ್ತವೆ.

ಇಲ್ಲಿ ನಮ್ಮ ರೈತರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಇಂಗ್ಲೆಂಡಿನ ಕೊರೆಯುವ ಚಳಿ ಕರ್ನಾಟಕದ ಬಯಲಿನಲ್ಲಿಲ್ಲ. ಚಳಿ ವಸೂಲು ಮಾಡುವ ಬೆಲೆಯನ್ನು ಇಲ್ಲಿನ ಹೇನು ಕೊಡಬೇಕಾಗಿಲ್ಲ. ಗಂಡಿನ ಸಂಗವಿಲ್ಲದೆಯೇ ಮರಿ ಹಾಕುವ ಕೀಟವಾದ್ದರಿಂದ, ತಾಯಿಯ ಗುಣ ಮಕ್ಕಳಿಗೆ ಹಾಗೆಯೇ ಇಳಿಯುತ್ತದೆ. ಹೀಗಾಗಿ ಇಲ್ಲಿ ಬೆಲೆ ವಸೂಲು ಮಾಡುವ ಕೆಲಸ ಬಹುಮಟ್ಟಿಗೆ ಕಣಜ, ಗುಲಗಂಜಿ ಹುಳು ಮುಂತಾದ ಮಿತ್ರಕೀಟಗಳ ಪಾಲಿನದು. ಎಲ್ಲ ಕೀಟಗಳನ್ನೂ ಕೊಲ್ಲುವ ಔಷಧವನ್ನು ವಾರಕ್ಕೊಮ್ಮೆ ಸುರಿದರೆ ಈ ಮಿತ್ರರು ಮೊದಲು ಸಾಯುತ್ತಾರೆ, ನಿರೋಧಕ ಹೇನು ಉಳಿಯುತ್ತದೆ. ಸಾಲಗಾರ ಊರಲ್ಲಿದ್ದಾನೆ, ಸಾಲ ಕೊಟ್ಟವನನ್ನು ಊರು ಬಿಡಿಸಿದಂತಾಯಿತು!

ಬೆಲೆ ತೆರುವ ಕೀಟ ಸದಾ ತೆರುತ್ತಲೇ ಇರುತ್ತದೆಂದೂ ನಂಬಿ ಕೂರುವಂತಿಲ್ಲ. ಆಸ್ಟ್ರೇಲಿಯದ ಕುರಿಗಳನ್ನು ಕಾಡುವ ನೊಣವೊಂದು ಡಯಾಜಿನಾನ್ ಔಷಧಕ್ಕೆ ನಿರೋಧಕವಾದಾಗ, ಆರಂಭದಲ್ಲಿ ಅದರ ಬೆಳವಣಿಗೆಯೇ ಏರುಪೇರಾಗಿತ್ತು. ಮೈಯ ಎಡ ಬಲಗಳ ಬಿರುಗೂದಲುಗಳ ಸಂಖ್ಯೆಯೂ ಹೊಂದುತ್ತಿರಲಿಲ್ಲ. ಔಷಧದ ಬಳಕೆ ಮುಂದುವರಿದಂತೆ, ಈ ದೋಷವನ್ನು ಸರಿಪಡಿಸುವ ಮತ್ತೊಂದು ವಂಶವಾಹಿ ಆ ನೊಣಗಳಲ್ಲಿ ಹರಡಿತು. ಅನಂತರ ಔಷಧವನ್ನು ನಿಲ್ಲಿಸಿದರೂ ನಿರೋಧಕ ನೊಣಗಳು ಹಿಂದೆ ಬೀಳಲಿಲ್ಲ. ಆದ್ದರಿಂದ ನಿರೋಧಕ ಶಕ್ತಿಯ ಸುಳಿವು ಸಿಕ್ಕಿದ ಮೊದಲ ಹಂಗಾಮಿನಲ್ಲಿಯೇ ಆ ಗುಂಪಿನ ಔಷಧಕ್ಕೆ ಬಿಡುವು ಕೊಡುವುದು ಲೇಸು.

ಬಿಡುವು ಎಂದರೆ ಡಬ್ಬಿಯ ಹೆಸರು ಬದಲಿಸುವುದಲ್ಲ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್, ಅಸಿಟಾಮಿಪ್ರಿಡ್ ಮೂರೂ ಒಂದೇ ಗುಂಪಿಗೆ ಸೇರಿದವು. ಒಂದಕ್ಕೆ ಬಗ್ಗದ ಹೇನಿಗೆ ಇನ್ನೊಂದನ್ನು ಹೊಡೆದರೆ ದುಡ್ಡು ದಂಡ. ದಕ್ಷಿಣ ಫ್ರಾನ್ಸಿನ ಪೀಚ್ ತೋಟಗಳಲ್ಲಿ 2009ರಲ್ಲಿ ಸಿಕ್ಕಿದ ಇದೇ ಜಾತಿಯ ಹೇನುಗಳು ಈ ಗುಂಪಿಗೇ ತೀವ್ರ ನಿರೋಧಕವಾಗಿದ್ದವು. ಶಿಫಾರಸಿಗಿಂತ ಹೆಚ್ಚು ಪ್ರಮಾಣ ಬೆರೆಸುವುದೂ ತಪ್ಪು. ಅದರಿಂದ ಅತಿ ಗಟ್ಟಿ ಹೇನುಗಳಷ್ಟೇ ಆಯ್ದು ಉಳಿಯುತ್ತವೆ.

ಸಿಂಪರಣೆಗೆ ಮುನ್ನ ಹೊಲದ ಅಲ್ಲಲ್ಲಿ ಎಲೆಯ ತಳಭಾಗವನ್ನು ಮಗುಚಿ ನೋಡಬೇಕು. ಕಂದುಬಣ್ಣಕ್ಕೆ ತಿರುಗಿ, ಉಬ್ಬಿ, ಎಲೆಗೆ ಅಂಟಿಕೊಂಡ ಸತ್ತ ಹೇನುಗಳು ಕಂಡರೆ ಕಣಜ ಕೆಲಸ ನಡೆಸಿದೆಯೆಂದು ತಿಳಿಯಬೇಕು. ಅವು ಹೆಚ್ಚುತ್ತಿದ್ದು ಜೀವಂತ ಹೇನು ಕಡಿಮೆಯಿದ್ದಲ್ಲಿ, ಔಷಧದ ಡಬ್ಬಿಯನ್ನು ತೆರೆಯದೆ ಮೂರು ನಾಲ್ಕು ದಿನ ಬಿಟ್ಟು ಮತ್ತೆ ಎಲೆಗಳನ್ನು ನೋಡಬೇಕು.