ಮೋಟಾರು ಕಾರಿನೊಳಗೆ ಮಂದ್ರಧ್ವನಿ

ಮಂದ್ರಸ್ಥಾಯಿಯ ಸ್ವರಗಳನ್ನು ಚಿಕ್ಕ ಧ್ವನಿವರ್ಧಕದಿಂದ ಹೊರಡಿಸುವುದು ಕಷ್ಟವೆಂಬುದು ಶಬ್ದಶಾಸ್ತ್ರವನ್ನು ಸ್ವಲ್ಪಮಟ್ಟಿಗೆ ಓದಿದವರಿಗೆಲ್ಲ ತಿಳಿದ ಸಂಗತಿ. ಹೀಗಿದ್ದರೂ ಕಾರಿನ ಡಿಕ್ಕಿಯಲ್ಲಿಯೋ ಆಸನದ ಕೆಳಗೋ ಇಟ್ಟ, ಒಂದು ಮೊಳವೂ ಅಗಲವಿಲ್ಲದ ಸಬ್‌ವೂಫರ್ ಪೆಟ್ಟಿಗೆಯು, ಮನೆಯ ಹಜಾರದಲ್ಲಿ ಅದಕ್ಕಿಂತ ಬಹು ದೊಡ್ಡ ಪೆಟ್ಟಿಗೆಯೂ ಕೊಡಲಾರದಷ್ಟು ಆಳವಾದ ನಾದವನ್ನು ಕೊಡುವುದುಂಟು. ಅದೇ ಪೆಟ್ಟಿಗೆ ಮತ್ತೊಂದು ಕಾರಿನಲ್ಲಿ ಬರಿಯ ಗುಂಯ್‌ಗುಟ್ಟುವಿಕೆಯನ್ನು ಕೊಟ್ಟು ಕೊಂಡವನನ್ನು ನಿರಾಶೆಗೊಳಿಸುವುದೂ ಉಂಟು. ಆಗ ತಪ್ಪನ್ನು ಪೆಟ್ಟಿಗೆಯ ಚಿಕ್ಕತನದ ಮೇಲೆ ಹೊರಿಸಿ, ಇನ್ನೂ ದೊಡ್ಡದಕ್ಕೆ ಹಣ ತೆರುವುದು ರೂಢಿಯಾಗಿದೆ. ಈ ತೀರ್ಮಾನ ಬಹುಮಟ್ಟಿಗೆ ತಪ್ಪೆಂಬುದು ನಮ್ಮ ಅಭಿಪ್ರಾಯ. ಕಾಲೇಜಿನ ಭೌತಶಾಸ್ತ್ರದ ಪಾಠಗಳಲ್ಲಿ ಬರುವ ಸಾಮಾನ್ಯ ನಿಯಮಗಳಿಂದಲೇ ಇದನ್ನು ತೋರಿಸಬಹುದು.

ಮೊದಲು ಮಂದ್ರವೆಂದರೆ ಎಷ್ಟು ಎಂಬುದನ್ನು ಗೊತ್ತುಮಾಡಿಕೊಳ್ಳೋಣ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯ ಮಂದ್ರ ಷಡ್ಜದ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಅಂದರೆ ಅದರ ಕಂಪನಸಂಖ್ಯೆ 65 ಹರ್ಟ್ಸ್. ಪಾಶ್ಚಾತ್ಯ ಬಾಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿಯದು 41. ಸಬ್‌ವೂಫರಿನ ಕಾರ್ಯಕ್ಷೇತ್ರ ಈ ಆಸುಪಾಸಿನದು: 80 ಹರ್ಟ್ಸಿನಿಂದ ಕೆಳಗೆ 20ರವರೆಗೆ. 40 ಹರ್ಟ್ಸಿನ ನಾದದ ಅಲೆಯುದ್ದ ಗಾಳಿಯಲ್ಲಿ ಸುಮಾರು 8.6 ಮೀಟರ್. ಕಾರಿನ ಒಳಭಾಗದ ಉದ್ದವಾದರೋ ಎರಡೂವರೆ ಮೀಟರ್. ಮುಂದಿನ ವಿಚಾರವೆಲ್ಲ ಈ ಎರಡು ಅಂಕಿಗಳ ಅಂತರದಿಂದ ಹುಟ್ಟುತ್ತದೆ.

ತೆರೆದ ಬಯಲಿನಲ್ಲಿ, ನೆಲದ ಮೇಲಿಟ್ಟ ಪೆಟ್ಟಿಗೆಯಿಂದ ಒಂದು ನಿರ್ದಿಷ್ಟ ದೂರದಲ್ಲಿ ಉಂಟಾಗುವ ಶಬ್ದದ ಒತ್ತಡವು, ಶಂಕು ತಳ್ಳುವ ಗಾಳಿಯ ಘನಫಲಕ್ಕೂ ಕಂಪನಸಂಖ್ಯೆಯ ವರ್ಗಕ್ಕೂ ಅನುಲೋಮವಾಗಿರುತ್ತದೆ. ಆದಕಾರಣ ಶಂಕುವಿನ ಚಲನೆ ಅಷ್ಟೇ ಇದ್ದು ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಒತ್ತಡ ನಾಲ್ಕನೆಯ ಒಂದು ಪಾಲಿಗೆ, ಎಂದರೆ 12 ಡೆಸಿಬೆಲ್ ಕೆಳಕ್ಕೆ, ಕುಸಿಯುತ್ತದೆ. ಎಂಟು ಅಂಗುಲದ ಧ್ವನಿವರ್ಧಕವೊಂದರ ಶಂಕುವಿನ ವಿಸ್ತೀರ್ಣ 210 ಚದರ ಸೆಂಟಿಮೀಟರ್ ಎಂದೂ, ಅದು ಹಿಂದಕ್ಕೂ ಮುಂದಕ್ಕೂ 5 ಮಿಲಿಮೀಟರ್ ಸರಿಯುತ್ತದೆಂದೂ ಇಟ್ಟುಕೊಳ್ಳೋಣ. ತಳ್ಳಲ್ಪಡುವ ಗಾಳಿ 105 ಘನ ಸೆಂಟಿಮೀಟರ್. ಹೋಟೆಲಿನ ಒಂದು ಬಟ್ಟಲು ಕಾಫಿಯಷ್ಟು. ಒಂದು ಮೀಟರ್ ದೂರದಲ್ಲಿ ಇದರಿಂದ 40 ಹರ್ಟ್ಸಿನಲ್ಲಿ ದೊರೆಯುವುದು ಸುಮಾರು 93 ಡೆಸಿಬೆಲ್, 20ರಲ್ಲಿ 81 ಮಾತ್ರ. ಈ 81 ಸಾಕಾಗದು. ಶಬ್ದದ ಪ್ರಬಲತೆಯನ್ನು ಕುರಿತ ಅಂತಾರಾಷ್ಟ್ರೀಯ ಗೆರೆಗಳ ಪ್ರಕಾರ, 1000 ಹರ್ಟ್ಸಿನ 40 ಡೆಸಿಬೆಲ್ ನಾದ ಎಷ್ಟು ಗಟ್ಟಿಯಾಗಿ ಕೇಳುವುದೋ ಅಷ್ಟೇ ಗಟ್ಟಿಯಾಗಿ ಕೇಳಬೇಕಾದರೆ 40 ಹರ್ಟ್ಸಿಗೆ ಸುಮಾರು 83 ಡೆಸಿಬೆಲ್, 20 ಹರ್ಟ್ಸಿಗೆ ಸುಮಾರು 100 ಬೇಕಾಗುತ್ತದೆ. ಚಲಿಸುವ ಕಾರಿನಲ್ಲಿ ಚಕ್ರ, ರಸ್ತೆ, ಎಂಜಿನುಗಳ ಸದ್ದು ಈ ಮಂದ್ರಭಾಗದಲ್ಲಿಯೇ ಹೆಚ್ಚಾಗಿ ತುಂಬಿಕೊಂಡಿರುವುದರಿಂದ ಅವಶ್ಯಕತೆ ಇನ್ನೂ ಹೆಚ್ಚು.

ಈಗ ಅದೇ ಪೆಟ್ಟಿಗೆಯನ್ನು ಕಾರಿನೊಳಗಿಟ್ಟು ಬಾಗಿಲು ಮುಚ್ಚೋಣ. ಅರ್ಧ ಅಲೆಯುದ್ದವು ಕಾರಿನ ಉದ್ದಕ್ಕಿಂತ ಹೆಚ್ಚಾದ ಮೇಲೆ, ಎಂದರೆ ನಮ್ಮ ಉದಾಹರಣೆಯಲ್ಲಿ ಸುಮಾರು 70 ಹರ್ಟ್ಸಿನ ಕೆಳಗೆ, ಒಳಗೆ ಅಲೆ ಹರಿದಾಡಲು ಎಡೆಯೇ ಇರುವುದಿಲ್ಲ. ಒಳಗಿನ ಗಾಳಿಯೆಲ್ಲ ಒಂದೇ ಮುದ್ದೆಯಾಗಿ ಕುಗ್ಗುತ್ತದೆ, ಹಿಗ್ಗುತ್ತದೆ. ಸೈಕಲ್ ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದಾಗ ಆಗುವುದೂ ಇದೇ. ಈ ಸಂದರ್ಭದಲ್ಲಿ ಒತ್ತಡದ ಏರಿಳಿತವು ತಳ್ಳಿದ ಗಾಳಿಗೂ ಕಾರಿನೊಳಗಿನ ಒಟ್ಟು ಗಾಳಿಗೂ ಇರುವ ಅನುಪಾತವನ್ನು ಮಾತ್ರ ಅವಲಂಬಿಸುತ್ತದೆ. ಕಂಪನಸಂಖ್ಯೆಯ ಮಾತೇ ಬರುವುದಿಲ್ಲ. ಒಳಗಿನ ಗಾಳಿ 3 ಘನ ಮೀಟರ್ ಆಗಿದ್ದರೆ ಅನುಪಾತ ಸುಮಾರು 28,500ರಲ್ಲಿ ಒಂದು. ಇದನ್ನು ವಾತಾವರಣದ ಒತ್ತಡದಿಂದಲೂ, ಗಾಳಿ ಶಾಖ ಕಳೆದುಕೊಳ್ಳದೆ ಕುಗ್ಗುವಾಗ ಬರುವ 1.4 ಎಂಬ ಗುಣಕದಿಂದಲೂ ಗುಣಿಸಿದರೆ ಸುಮಾರು 5 ಪಾಸ್ಕಲ್ ಬರುತ್ತದೆ, ಡೆಸಿಬೆಲಿನಲ್ಲಿ 105. ಈ 105 ಎಂಬುದು 40 ಹರ್ಟ್ಸಿಗೂ ಸರಿ, 20 ಹರ್ಟ್ಸಿಗೂ ಸರಿ. ಬಯಲಿಗೆ ಹೋಲಿಸಿದರೆ ಮೊದಲನೆಯದರಲ್ಲಿ 12, ಎರಡನೆಯದರಲ್ಲಿ 24 ಡೆಸಿಬೆಲಿನ ಲಾಭ. (ಈ ಲೆಕ್ಕ ಸಮುದ್ರಮಟ್ಟದ್ದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಹತ್ತನೆಯ ಒಂದು ಪಾಲಿನಷ್ಟು ಕಡಿಮೆಯಾದ್ದರಿಂದ ಒಂದು ಡೆಸಿಬೆಲಿಗಿಂತ ಕೊಂಚ ಕಡಿಮೆ ನಷ್ಟವಾಗುತ್ತದೆ. ಬಯಲಿನಲ್ಲಿಯೂ ಸಾಂದ್ರತೆ ಅಷ್ಟೇ ತಗ್ಗುವುದರಿಂದ ಹೋಲಿಕೆ ಬದಲಾಗದು.)

ಪೆಟ್ಟಿಗೆಯ ಗಾತ್ರದ ಪ್ರಶ್ನೆ ಇಲ್ಲಿ ಬರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಶಂಕುವಿಗೆ ಎರಡು ಸ್ಪ್ರಿಂಗುಗಳು: ಒಂದು ಅದನ್ನು ತೂಗುಹಾಕಿರುವ ಪಟ್ಟಿ, ಮತ್ತೊಂದು ಒಳಗೆ ಸಿಕ್ಕಿಕೊಂಡ ಗಾಳಿ. ಈ ಗಾಳಿಯನ್ನೇ ಮುಖ್ಯ ಸ್ಪ್ರಿಂಗನ್ನಾಗಿ ಬಳಸಿ ಅಮೆರಿಕದ ಎಡ್ಗರ್ ವಿಲ್ಚರ್ ಅವರು 1954ರಲ್ಲಿ ಮನೆಯ ಧ್ವನಿವರ್ಧಕಗಳ ಗಾತ್ರವನ್ನು ಬಹಳವಾಗಿ ಇಳಿಸಿದರು. ಪೆಟ್ಟಿಗೆ ಚಿಕ್ಕದಾದಷ್ಟೂ ಗಾಳಿಯ ಬಿಗಿತ ಹೆಚ್ಚಿ ಅನುರಣನದ ಕಂಪನಸಂಖ್ಯೆ ಮೇಲೇರುತ್ತದೆ. ಉದಾಹರಣೆಗೆ, ಪೆಟ್ಟಿಗೆಯಿಲ್ಲದೆ 35 ಹರ್ಟ್ಸಿನಲ್ಲಿ ಅನುರಣಿಸುವ, ತೂಗುಪಟ್ಟಿಯ ಬಿಗಿತ 37 ಲೀಟರ್ ಗಾಳಿಯ ಬಿಗಿತಕ್ಕೆ ಸಮನಾದ ಧ್ವನಿವರ್ಧಕವನ್ನು 15 ಲೀಟರಿನ ಪೆಟ್ಟಿಗೆಯಲ್ಲಿ ಕೂರಿಸಿದರೆ ಅನುರಣನ 65ಕ್ಕೆ ಏರುತ್ತದೆ. ಅದರ ಕೆಳಗೆ ಶಂಕುವಿನ ಚಲನೆ ಸ್ಥಿರವಾಗಿ ನಿಲ್ಲುತ್ತದೆ. ಬಯಲಿನಲ್ಲಾದರೆ ಶಬ್ದ ಸ್ಥಾಯಿಗೆ 12 ಡೆಸಿಬೆಲಿನಂತೆ ಇಳಿಯುತ್ತದೆ. ಮನೆಯಲ್ಲಿ ಇದು ದೋಷ. ಕಾರಿನಲ್ಲಿ ಇಳಿಜಾರು ಎಲ್ಲಿ ಮೊದಲಾಗುವುದೋ ಹೆಚ್ಚುಕಡಿಮೆ ಅಲ್ಲಿಯೇ ಕಾರಿನೊಳಗಿನ ಗಾಳಿಯ ಏರುಜಾರು, ಅದೂ ಸ್ಥಾಯಿಗೆ 12 ಡೆಸಿಬೆಲಿನಂತೆ, ಮೊದಲಾಗುತ್ತದೆ. ಎರಡೂ ಒಂದನ್ನೊಂದು ತುಂಬಿಕೊಡುತ್ತವೆ. ಇನ್ನೂ ದೊಡ್ಡ ಪೆಟ್ಟಿಗೆ ಕಟ್ಟಿ ಅನುರಣನವನ್ನು 35ರ ಹತ್ತಿರಕ್ಕೆ ಇಳಿಸಿದವನು ಕೆಳಗಿನ ಸ್ವರಗಳನ್ನು ಅನಾವಶ್ಯಕವಾಗಿ ಊದಿಸಿದಂತಾಗುತ್ತದೆ.

ಕೊಳವೆಯುಳ್ಳ ಪೆಟ್ಟಿಗೆ ಕಾರಿಗೆ ಅಷ್ಟಾಗಿ ಹೊಂದುವುದಿಲ್ಲವೆಂದು ನಾವು ಹೇಳುವುದೂ ಇದೇ ಕಾರಣಕ್ಕೆ. ಅದು ತನ್ನ ಕೊಳವೆಯ ಅನುರಣನದವರೆಗೆ ಸಪಾಟಾಗಿ ಬಂದು, ಅಲ್ಲಿಂದ ಕೆಳಗೆ ಸ್ಥಾಯಿಗೆ 24 ಡೆಸಿಬೆಲಿನಂತೆ ಬೀಳುತ್ತದೆ. ಕಾರಿನ ಲಾಭವನ್ನು ಇದಕ್ಕೆ ಕೂಡಿಸಿದರೆ ಕೊಳವೆಯ ಅನುರಣನದ ಬಳಿ ಒಂದು ಗುಡ್ಡವೇಳುತ್ತದೆ. ಯಾವ ಸಂಗೀತ ಹಾಕಿದರೂ ಅದೇ ಒಂದು ಸ್ವರ ಮೊರೆಯುತ್ತದೆ. ಬೀದಿಯಲ್ಲಿ ಹಾದುಹೋಗುವ ಕೆಲವು ಕಾರುಗಳಿಂದ ನಾವು ಕೇಳುವುದು ಬಹುಶಃ ಇದನ್ನೇ.

ಮೇಲಿನ ಲೆಕ್ಕ ಗಟ್ಟಿಯಾದ, ಸೋರದ ಗೋಡೆಗಳನ್ನು ಊಹಿಸಿಕೊಂಡದ್ದು. ವಾಸ್ತವವಾಗಿ ಕಾರಿನ ಮಾಳಿಗೆಯ ತಗಡು ಬಾಗುತ್ತದೆ. ಬಾಗಿಲು ಹಾಕುವಾಗ ಒಳಗಾಳಿ ಹೊರಹೋಗಲೆಂದು ಹಿಂಬದಿಯಲ್ಲಿ ತಯಾರಕರೇ ರಂಧ್ರಗಳನ್ನಿಟ್ಟಿರುತ್ತಾರೆ. ಆದುದರಿಂದ ನಿಜವಾದ ಲಾಭ ಲೆಕ್ಕಕ್ಕಿಂತ ಕಡಿಮೆ. ಅತಿ ಕೆಳಗಿನ ಸ್ವರಗಳಲ್ಲಿ ಈ ಕೊರತೆ ಹೆಚ್ಚು. ಡಿಕ್ಕಿ ಪ್ರತ್ಯೇಕವಾಗಿರುವ ಸೆಡಾನ್ ಕಾರುಗಳಲ್ಲಿ ಹಿಂದಿನ ಆಸನ ಅಡ್ಡಗೋಡೆಯಾಗಿ ನಿಂತು ತೊಡಕುಂಟುಮಾಡುತ್ತದೆ. ಆಸನದ ನಡುವಿನ ಕಿಂಡಿಯನ್ನು ತೆರೆದರೆ ಎಷ್ಟೋ ಸುಧಾರಿಸುತ್ತದೆ. ಕಿಟಕಿ ಇಳಿಸಿದರೆ ಕಾರು ಹೆಲ್ಮ್‌ಹೋಲ್ಟ್ಸನ ಅನುರಣಕವಾಗಿ ಮಾರ್ಪಡುತ್ತದೆ. ವೇಗವಾಗಿ ಹೋಗುವಾಗ ಹಿಂದಿನ ಒಂದೇ ಕಿಟಕಿ ತೆರೆದಿದ್ದರೆ ಕಿವಿಗೆ ಬಡಿಯುವ ದಬದಬ ಸದ್ದು ಈ ಅನುರಣನದ್ದೇ. ಅದರ ಕೆಳಗಿನ ಸ್ವರಗಳಿಗೆ ಕಾರಿನ ಸಹಾಯ ತಪ್ಪುತ್ತದೆ.

ಚಿಕ್ಕತನಕ್ಕೆ ಬೆಲೆಯೇ ಇಲ್ಲವೆಂದಲ್ಲ. ಪ್ರಖ್ಯಾತ ಪಿಯಾನೊ ವಾದಕ ಜೋಸೆಫ್ ಹಾಫ್‌ಮನ್ನರ ಮಗ, ಭೌತವಿಜ್ಞಾನಿ ಆಂಟನ್ ಹಾಫ್‌ಮನ್ನರ ಹೆಸರಿನಲ್ಲಿ ಒಂದು ‘ಕಬ್ಬಿಣದ ಕಟ್ಟಳೆ’ ಪ್ರಸಿದ್ಧವಾಗಿದೆ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಉತ್ತಮ ದಕ್ಷತೆ, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ನಾವು ಬಿಟ್ಟುಕೊಡುವುದು ದಕ್ಷತೆಯನ್ನು. 300 ವಾಟಿನ ಆಂಪ್ಲಿಫೈಯರ್, ನೂರಕ್ಕೆ 80ರ ದಕ್ಷತೆಯದಾದರೂ, 13.8 ವೋಲ್ಟಿನ ಮೂಲದಿಂದ ಪೂರ್ಣಶಕ್ತಿಯಲ್ಲಿ 27 ಆಂಪಿಯರ್ ಎಳೆಯುತ್ತದೆ. ದಪ್ಪ ತಂತಿಯೂ ಬ್ಯಾಟರಿಯ ಬಳಿಯೇ ಫ್ಯೂಸೂ ಅನಿವಾರ್ಯ.

ಇಷ್ಟಾದರೂ ಮಂದ್ರ ಸೊರಗಿದ್ದರೆ ದೋಷ ಹೆಚ್ಚಾಗಿ ಸಬ್‌ವೂಫರಿನದಲ್ಲ, ಅದು ಬಾಗಿಲಿನ ಧ್ವನಿವರ್ಧಕಗಳೊಡನೆ ಕೂಡುವ ಎಡೆಯದು. ಚಾಲಕನ ಕಿವಿಗೆ ಬಾಗಿಲು ಒಂದು ಮೀಟರ್, ಡಿಕ್ಕಿಯ ಪೆಟ್ಟಿಗೆ 1.9 ಮೀಟರ್ ದೂರವಿದ್ದರೆ, ಪೆಟ್ಟಿಗೆಯ ನಾದ ಸೆಕೆಂಡಿನ ಸಾವಿರದಲ್ಲಿ 2.6 ಪಾಲು ತಡವಾಗಿ ಬರುತ್ತದೆ. 80 ಹರ್ಟ್ಸಿನಲ್ಲಿ ಇದು ಒಂದು ಕಂಪನದ ಐದನೆಯ ಒಂದು ಭಾಗ. ಮಂದ್ರವನ್ನೂ ಉಳಿದ ಸ್ವರಗಳನ್ನೂ ಬೇರ್ಪಡಿಸುವ ಶೋಧಕಗಳು, ಸ್ಥಾಯಿಗೆ 12 ಡೆಸಿಬೆಲಿನವಾದರೆ, ಇದಕ್ಕೆ ಅರ್ಧ ಕಂಪನದ ವ್ಯತ್ಯಾಸವನ್ನು ಕೂಡಿಸುತ್ತವೆ. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಎರಡೂ ಸೇರಿ ಮೌನವನ್ನೇ ಉತ್ಪಾದಿಸುತ್ತವೆ. ಆಗ ಶಕ್ತಿ ಹೆಚ್ಚಿಸಿದರೆ 40ರ ಗುಂಯ್‌ಗುಟ್ಟುವಿಕೆ ಬೆಳೆಯುತ್ತದೆಯೇ ಹೊರತು 80ರ ಹಳ್ಳ ತುಂಬದು. ಪರಿಹಾರ ಸುಲಭ: 80 ಹರ್ಟ್ಸಿನ ನಾದವನ್ನು ನುಡಿಸಿ, ಚಾಲಕನ ಸ್ಥಾನದಲ್ಲಿ ಕುಳಿತು, ಸಬ್‌ವೂಫರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ, ಯಾವುದರಲ್ಲಿ ಗಟ್ಟಿಯಾಗಿ ಕೇಳುವುದೋ ಅದನ್ನೇ ಉಳಿಸಿಕೊಳ್ಳುವುದು. ಕಾಲವಿಳಂಬವನ್ನು ಹೊಂದಿಸಬಲ್ಲ ಉಪಕರಣವಿದ್ದರೆ ಬಾಗಿಲಿನ ಧ್ವನಿವರ್ಧಕಗಳಿಗೆ ಆ 2.6ರಷ್ಟು ವಿಳಂಬ ಕೊಟ್ಟು ಮತ್ತೆ ಪರೀಕ್ಷಿಸಬೇಕು.

ವಿದ್ಯಾರ್ಥಿಗಳು ಈ ವಿಷಯವನ್ನು ಪ್ರಯೋಗವಾಗಿಯೂ ಮಾಡಬಹುದು. ಪೆಟ್ಟಿಗೆಯನ್ನು ಮೊದಲು ಮೈದಾನದಲ್ಲಿಟ್ಟು ಒಂದು ಮೀಟರ್ ದೂರದಲ್ಲಿ, ಆಮೇಲೆ ಕಾರಿನಲ್ಲಿಟ್ಟು ಚಾಲಕನ ಸ್ಥಾನದಲ್ಲಿ, 20ರಿಂದ 80 ಹರ್ಟ್ಸಿನವರೆಗೆ ಶಬ್ದವನ್ನು ಅಳೆದು, ಎರಡರ ವ್ಯತ್ಯಾಸವನ್ನು ಗೆರೆಯಾಗಿ ಬಿಡಿಸಬೇಕು. ಮೊಬೈಲ್ ಫೋನಿನ ಮೈಕ್ರೊಫೋನು ಮಂದ್ರದಲ್ಲಿ ಮಂದವಾದರೂ ಕಳೆಯುವಾಗ ಆ ದೋಷ ತಾನಾಗಿ ಹೊರಟುಹೋಗುತ್ತದೆ. ಗೆರೆ ಸ್ಥಾಯಿಗೆ 12 ಡೆಸಿಬೆಲಿನ ಇಳಿಜಾರಿನಿಂದ ಎಲ್ಲಿ ಬಾಗುವುದೋ ಅಲ್ಲಿ ತಗಡಿನ ಮತ್ತು ರಂಧ್ರಗಳ ಕೈವಾಡ ಮೊದಲಾಗಿದೆಯೆಂದು ತಿಳಿಯಬಹುದು.