ಬ್ಯಾಂಜೋದಲ್ಲಿ ಕೃತಿ: ಗಮಕಕ್ಕೊಂದು ಜಾಗ

ಬ್ಯಾಂಜೋದ ನಾದ ಹುಟ್ಟುವುದು ಮರದ ಕೊಡದಿಂದಲ್ಲ, ಬಳೆಗೆ ಬಿಗಿದ ಚರ್ಮ ಅಥವಾ ಪ್ಲಾಸ್ಟಿಕ್ ಹೊದಿಕೆಯಿಂದ. ಮೀಟಿದ ಸ್ವರ ಥಟ್ಟನೆ ಮೊಳಗಿ ಅಷ್ಟೇ ಬೇಗ ಅಡಗುತ್ತದೆ. ಕರ್ನಾಟಕ ಸಂಗೀತ ಕೇಳುವುದು ಎಳೆದು ನಿಲ್ಲಿಸಿದ ಕಾರ್ವೆಯನ್ನು, ಸ್ವರದಿಂದ ಸ್ವರಕ್ಕೆ ತೂಗುವ ಗಮಕವನ್ನು. ಹಾಗಾಗಿ ಈ ವಾದ್ಯಕ್ಕೆ ಕೃತಿಯನ್ನು ಅಳವಡಿಸುವಾಗ ಸ್ವರಲಿಪಿಗಿಂತ ಮೊದಲು ನೋಡಬೇಕಾದ್ದು ಗಮಕಕ್ಕೆ ಎಲ್ಲಿ ಜಾಗವಿದೆ ಎಂಬುದನ್ನು. ಭಜನೆ ಮೇಳಗಳಲ್ಲಿ ಗುಂಡಿ ಒತ್ತಿ ನುಡಿಸುವ ಬ್ಯಾಂಜೋ ಬೇರೆಯೇ ವಾದ್ಯ; 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೋಗೊಟೊ ಅದರ ಮೂಲ. ಇಲ್ಲಿನ ಮಾತು ಐದು ತಂತಿಯ ಬ್ಯಾಂಜೋದ್ದು.

ಈ ಅಳವಡಿಕೆಗೆ ಸರಿಯಾದ ಅಳತೆಗೋಲು ವೀಣೆ. ಅದರ ಹಲಸಿನ ಮರದ ಕೊಡ ನಾದವನ್ನು ಹಿಡಿದಿಡುತ್ತದೆ. ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಎತ್ತರದ ಮೆಟ್ಟಿಲುಗಳಿಂದಾಗಿ ತಂತಿಯನ್ನು ಪಕ್ಕಕ್ಕೆಳೆದು ಒಂದೇ ಮನೆಯಲ್ಲಿ ಹಲವು ಸ್ವರ ಹೊರಡಿಸಬಹುದು. ಬ್ಯಾಂಜೋದ ಮೆಟ್ಟಿಲು ತಗ್ಗು, ಕುದುರೆಯೂ ಹೊದಿಕೆಯ ಮೇಲೆ ಬರೀ ತಂತಿಯ ಒತ್ತಡಕ್ಕೆ ನಿಂತಿರುತ್ತದೆ. ಅಲ್ಲಿ ಎಳೆತಕ್ಕಿಂತ ಜಾರು ಒಗ್ಗುತ್ತದೆ: ಒಂದು ಮೀಟಿಗೆ ಎರಡು ಮೂರು ಮನೆ ದಾಟುವ ಬೆರಳು, ಸ್ವರ ಆರುವ ಮುನ್ನ ಮತ್ತೊಂದು ಮೀಟು.

ಆದರೂ ಎರಡೂ ವಾದ್ಯಗಳಿಗೆ ಅಚ್ಚರಿಯ ನಂಟಿದೆ. ಬ್ಯಾಂಜೋದ ಐದನೆಯ ತಂತಿ ಗಿಡ್ಡ. ಅದರ ಬಿರಡೆ ಐದನೆಯ ಮೆಟ್ಟಿಲ ಬಳಿ ಪಕ್ಕಕ್ಕೆ ಕೂತಿರುತ್ತದೆ. ವೀಣೆಯಲ್ಲಿ ಕಿರುಬೆರಳು ತಾಳದ ತಂತಿಗಳನ್ನು ಮೀಟಿದರೆ ಇಲ್ಲಿ ಹೆಬ್ಬೆರಳು ಈ ತಂತಿಯನ್ನು ಮೀಟುತ್ತದೆ. ರೂಢಿಯ ಜಿ ಶ್ರುತಿಯಲ್ಲಿ ಅದು ತಾರ ಷಡ್ಜವಾದರೆ, ಉಳಿದ ನಾಲ್ಕು ಕ್ರಮವಾಗಿ ಮಂದ್ರ ಪಂಚಮ, ಷಡ್ಜ, ಅಂತರ ಗಾಂಧಾರ, ಪಂಚಮ. ಹಂಸಧ್ವನಿಯ ಐದು ಸ್ವರಗಳಲ್ಲಿ ಮೂರು ಖಾಲಿ ತಂತಿಯಲ್ಲೇ ಸಿಕ್ಕವು. ಆದರೆ ಖಾಲಿ ತಂತಿ ಅಲುಗದು. ಗಾಂಧಾರ ತೂಗಬೇಕಾದಲ್ಲಿ ಅದನ್ನು ಬಿಟ್ಟು ಮೂರನೆಯ ತಂತಿಯ ನಾಲ್ಕನೆಯ ಮನೆಗೆ ಹೋಗಬೇಕು. ಅಳವಡಿಕೆಯ ಜಾಣ್ಮೆಯೆಲ್ಲ ಇಂಥ ಆಯ್ಕೆಗಳಲ್ಲಿದೆ.

ಆರಂಭಕ್ಕೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಷ್ಟು ಸೂಕ್ತವಾದವು ಬೇರಿಲ್ಲ. ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ, ಶಂಕರಾಭರಣದ ಸ್ವರಗಳಲ್ಲಿ ಸಾಗುವ ಈ ರಚನೆಗಳಿಗೆ ಗಮಕದ ಹಂಗಿಲ್ಲ. ನಂತರ ಹಂಸಧ್ವನಿ, ಮೋಹನ. ತೋಡಿಯ ಗಾಂಧಾರಕ್ಕೆ ಕೈ ಹಾಕುವುದು ಬಹಳ ಕಾಲದ ಮೇಲಿನ ಮಾತು.

ಹೊರಗಿನಿಂದ ಬಂದ ವಾದ್ಯವನ್ನು ಪಳಗಿಸಿದ ಪರಂಪರೆ ಕನ್ನಡ ನಾಡಿಗೆ ಹೊಸತಲ್ಲ. ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೊಫೋನಿಗೆ ಮನಸೋತ ಕದ್ರಿ ಗೋಪಾಲನಾಥರು ಅದರಲ್ಲೇ ಗಮಕ ನುಡಿಸಿ ತೋರಿದರು. ಬ್ಯಾಂಜೋಗೂ ಒಂದು ದಾರಿ ಅದರ ಚರಿತ್ರೆಯಲ್ಲೇ ಇದೆ. ಅಮೆರಿಕಕ್ಕೆ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕನ್ನರು ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ಆರಂಭದ ಬ್ಯಾಂಜೋಗಳಿಗೆ ಮೆಟ್ಟಿಲುಗಳೇ ಇರಲಿಲ್ಲ. ಅಂಥ ಬ್ಯಾಂಜೋಗಳು ಈಗಲೂ ತಯಾರಾಗುತ್ತವೆ. ಗೋಟುವಾದ್ಯದಲ್ಲಿ ಹೇಗೋ ಹಾಗೆ ಅವುಗಳಲ್ಲಿ ಎರಡು ಸ್ವರಗಳ ನಡುವಿನ ಜಾರು ತಡೆಯಿಲ್ಲದೆ ಸಾಗುತ್ತದೆ.