ಮಂದ್ರಧ್ವನಿಯ ಮೂರು ಹಾದಿಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಜಾತ್ರೆಯ ರಾತ್ರಿ ಊರ ಕಡೆಗೆ ನಡೆದು ಹೋಗುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಊರು ಇನ್ನೂ ದೂರದಲ್ಲಿರುವಾಗಲೇ ವಾದ್ಯಗಳ ಸದ್ದು ಕಿವಿಗೆ ಬೀಳುತ್ತದೆ. ಆದರೆ ಮೊದಲು ಕೇಳಿಸುವುದು ಹಾಡುವವರ ಕಂಠವಲ್ಲ, ತಾಳದ ಕಿಣಿಕಿಣಿಯೂ ಅಲ್ಲ. ಡೊಳ್ಳಿನ ಗಂಭೀರವಾದ ಏಟು. ಹತ್ತಿರ ಹೋದಂತೆಲ್ಲ ಉಳಿದ ಸ್ವರಗಳು ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ. ಇದಕ್ಕೆ ಕಾರಣವುಂಟು. ತೀಕ್ಷ್ಣವಾದ ಸ್ವರವನ್ನು ಗಾಳಿಯು ದಾರಿಯಲ್ಲಿಯೇ ಬೇಗನೆ ಹೀರಿಕೊಳ್ಳುತ್ತದೆ. ಮಂದ್ರಸ್ವರವನ್ನು ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಅಲ್ಲದೆ ಮಂದ್ರಸ್ವರದ ಅಲೆ ಬಹಳ ಉದ್ದವಾದದ್ದು. ಸೆಕೆಂಡಿಗೆ 100 ಕಂಪನಗಳ ಧ್ವನಿಯಲ್ಲಿ ಒಂದೊಂದು ಅಲೆಯೂ ಸುಮಾರು ಮೂರೂವರೆ ಮೀಟರು. ಅಂತಹ ಅಲೆ ಗೋಡೆಯನ್ನೋ ಬಂಡೆಯನ್ನೋ ಬಳಸಿಕೊಂಡು ಸುಲಭವಾಗಿ ಮುಂದೆ ಸಾಗುತ್ತದೆ.

ಇನ್ನೊಂದು ದೃಶ್ಯವನ್ನು ನೆನೆಯೋಣ. ಅದೇ ಸೀಮೆಯ ಊರೊಂದರ ಗಣಪತಿಯ ಚಪ್ಪರದಲ್ಲಿ ಆರ್ಕೆಸ್ಟ್ರಾ ನಡೆದಿದೆ. ಹಾಡುವವರ ಮೇಲೆ ಎಲ್ಲರ ಕಣ್ಣು. ಹಿಂದೆ ಒಂದು ಮೂಲೆಯಲ್ಲಿ ಉದ್ದ ಕತ್ತಿನ, ನಾಲ್ಕೇ ತಂತಿಗಳ ಗಿಟಾರನ್ನು ಹಿಡಿದು ಒಬ್ಬ ಯುವಕ ನಿಂತಿದ್ದಾನೆ. ಅವನು ನುಡಿಸುವುದು ಬೇಸ್ ಗಿಟಾರು. ಅವನನ್ನು ಗಮನಿಸುವವರು ವಿರಳ. ಆದರೆ ಅವನು ಅರೆಗಳಿಗೆ ಕೈ ನಿಲ್ಲಿಸಿದರೆ ಹಾಡಿನ ಬುಡವೇ ಕಿತ್ತುಹೋದಂತಾಗುತ್ತದೆ. ಏನು ತಪ್ಪಿತೆಂಬುದು ಮಾತ್ರ ಕೇಳುವವರಿಗೆ ತಿಳಿಯುವುದಿಲ್ಲ. ಜಾತ್ರೆಯ ಡೊಳ್ಳಿಗೂ ಚಪ್ಪರದ ಬೇಸ್ ಗಿಟಾರಿಗೂ ನೋಟದಲ್ಲಿ ಏನೊಂದೂ ಹೋಲಿಕೆಯಿಲ್ಲ. ಆದರೂ ಎರಡೂ ಮಾಡುವ ಕೆಲಸ ಒಂದೇ, ಅಸ್ತಿಭಾರವನ್ನು ಹಾಕುವುದು. ಈ ಅಸ್ತಿಭಾರದ ಧ್ವನಿ ಹುಟ್ಟುವ ಬಗೆಯನ್ನು ತಿಳಿದುಕೊಂಡರೆ, ನಮ್ಮ ಹಳ್ಳಿಯ ವಾದ್ಯಗಳನ್ನು ಸಂಗ್ರಹಿಸುವುದೆಂದರೆ ಏನೆಂಬುದೂ ತಾನಾಗಿ ತಿಳಿಯುತ್ತದೆ.

ಧ್ವನಿಯೆಂದರೆ ಕಂಪನ. ಕಂಪನ ನಿಧಾನವಾದಷ್ಟೂ ಸ್ವರ ತಗ್ಗುತ್ತದೆ. ಕಂಪಿಸುವ ವಸ್ತುವನ್ನು ನಿಧಾನಗೊಳಿಸಲು ಮುಖ್ಯವಾದ ಹಾದಿಗಳು ಮೂರು: ಅದನ್ನು ಉದ್ದ ಮಾಡುವುದು, ಭಾರ ಮಾಡುವುದು, ಸಡಿಲ ಮಾಡುವುದು. ತಂತಿಯ ವಿಷಯದಲ್ಲಿ ಈ ನಿಯಮಗಳನ್ನು ಫ್ರಾನ್ಸಿನ ಮರ್ಸೆನ್ ಎಂಬ ವಿದ್ವಾಂಸನು 1636ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದನು. ತಂತಿಯ ಉದ್ದವನ್ನು ಎರಡು ಪಟ್ಟು ಮಾಡಿದರೆ ಕಂಪನಸಂಖ್ಯೆ ಅರ್ಧವಾಗುತ್ತದೆ. ಎಂದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಉದ್ದವನ್ನು ಮುಟ್ಟದೆ ಅದೇ ಫಲವನ್ನು ಪಡೆಯಬೇಕಾದರೆ ತಂತಿಯ ತೂಕವನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು, ಇಲ್ಲವೆ ಬಿಗಿತವನ್ನು ಕಾಲುಭಾಗಕ್ಕೆ ಇಳಿಸಬೇಕು. ಮರ್ಸೆನನ ಹೆಸರನ್ನು ಕೇಳದ ನಮ್ಮ ವಾದ್ಯಗಾರರು ಈ ಮೂರು ಹಾದಿಗಳನ್ನೂ ಕೈಯಿಂದಲೇ ಕಂಡುಕೊಂಡಿದ್ದಾರೆ.

ಮೊದಲನೆಯದು ಉದ್ದದ ಹಾದಿ. ಹಿರಿಯೂರು, ಶಿರಾ ಕಡೆಯ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರು ತಮ್ಮ ವೀರನಾದ ಜುಂಜಪ್ಪನ ಕಥೆಯನ್ನು ಹಾಡುವಾಗ ಗಣೆ ಎಂಬ ಬಿದಿರಿನ ವಾದ್ಯವನ್ನು ನುಡಿಸುತ್ತಾರೆ. ನೋಡಲು ಅದೊಂದು ಕೊಳಲು. ಆದರೆ ಕಚೇರಿಯ ಕೊಳಲಿಗಿಂತ ಬಹಳ ಉದ್ದವಾದದ್ದು. ಅದು ಅವರಿಗೆ ಬರಿಯ ವಾದ್ಯವಲ್ಲ, ಜುಂಜಪ್ಪನ ಕೈಯಲ್ಲಿದ್ದ ವಸ್ತುವೆಂದು ಪೂಜ್ಯವಾದದ್ದು. ಕೊಳವೆಯ ವಾದ್ಯದಲ್ಲಿ ಕಂಪಿಸುವುದು ಬಿದಿರಲ್ಲ, ಒಳಗಿನ ಗಾಳಿಯ ಕಂಬ. ಎರಡು ತುದಿಗಳೂ ತೆರೆದ ಒಂದು ಮೀಟರು ಉದ್ದದ ಕೊಳವೆಯಲ್ಲಿ ಗಾಳಿಯ ಕಂಬವು ಸೆಕೆಂಡಿಗೆ ಸುಮಾರು 172 ಸಲ ಕಂಪಿಸುತ್ತದೆ. ಕೊಳವೆ ಇಮ್ಮಡಿಯಾದರೆ ಕಂಪನ ಅರ್ಧವಾಗುತ್ತದೆ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿಯ ಸ್ವರ ಸೆಕೆಂಡಿಗೆ ಸುಮಾರು 41 ಕಂಪನಗಳದು. ಅದನ್ನು ಇಂತಹ ಕೊಳವೆಯಲ್ಲಿ ಪಡೆಯಬೇಕಾದರೆ ಸುಮಾರು 14 ಅಡಿ ಉದ್ದದ ಬಿದಿರು ಬೇಕು! ಅದನ್ನು ಹಿಡಿಯುವ ತೋಳಾಗಲಿ, ಅದರ ರಂಧ್ರಗಳನ್ನು ಮುಟ್ಟುವ ಬೆರಳಾಗಲಿ ಮನುಷ್ಯನಿಗಿಲ್ಲ. ಉದ್ದದ ಹಾದಿ ನೇರವಾದದ್ದು. ಆದರೆ ನಮ್ಮ ದೇಹವೇ ಅದಕ್ಕೆ ಎಲ್ಲೆಯನ್ನು ಹಾಕಿದೆ.

ಎರಡನೆಯದು ಭಾರದ ಹಾದಿ. ಮೃದಂಗದ ವಿದ್ವಾಂಸರು ಕಚೇರಿಗೆ ಮುನ್ನ ರವೆಯನ್ನು ನೀರಿನಲ್ಲಿ ಕಲಸಿ ಎಡ ಮುಖದ ನಡುವೆ ಮೆತ್ತುವುದನ್ನು ವಾಚಕರು ನೋಡಿರಬಹುದು. ಅದು ಕೇವಲ ಸಂಪ್ರದಾಯವಲ್ಲ. ರವೆಯ ಭಾರದಿಂದ ಚರ್ಮದ ಕಂಪನ ನಿಧಾನವಾಗಿ, ಎಡದ ಸ್ವರ ತಗ್ಗುತ್ತದೆ. ಕಚೇರಿ ಮುಗಿದ ಮೇಲೆ ಅದನ್ನು ಕೆರೆದು ತೆಗೆಯುತ್ತಾರೆ. ಬಲ ಮುಖದ ಮೇಲಿನ ಕರಣೆ ಎಂಬ ಕಪ್ಪು ಲೇಪವು ಶಾಶ್ವತವಾದದ್ದು; ಅದರ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಸಾಮಾನ್ಯವಾದ ಚರ್ಮವಾದ್ಯದ ಉಪಸ್ವರಗಳು ಮೂಲಸ್ವರಕ್ಕೆ 1.59, 2.14, 2.30 ಎಂಬ ಒರಟು ಪ್ರಮಾಣಗಳಲ್ಲಿ ನಿಲ್ಲುತ್ತವೆ. ಆದ್ದರಿಂದಲೇ ಬರಿಯ ಚರ್ಮದ ಏಟಿನಲ್ಲಿ ಸದ್ದು ಹೆಚ್ಚು, ಸ್ವರ ಕಡಿಮೆ. ನಡುವೆ ಭಾರವನ್ನು ಹದವರಿತು ಹರಡಿದರೆ ಈ ಉಪಸ್ವರಗಳು ತಂತಿವಾದ್ಯದಲ್ಲಿರುವಂತೆ 1, 2, 3, 4, 5 ಎಂಬ ಸುಂದರವಾದ ಪ್ರಮಾಣಕ್ಕೆ ಬರುತ್ತವೆ. ಇದನ್ನು ಸಿ. ವಿ. ರಾಮನ್ನರು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತಷ್ಟು ವಿವರವಾಗಿ ಬರೆದರು. ಒಂದು ಚಿಟಿಕೆ ಲೇಪ ಹೆಚ್ಚಾದರೂ ಕಡಿಮೆಯಾದರೂ ನಾದ ಕೆಡುತ್ತದೆ. ಆ ಚಿಟಿಕೆಯ ಅಳತೆ ಇರುವುದು ವಾದ್ಯವನ್ನು ಮಾಡುವವನ ಬೆರಳ ತುದಿಯಲ್ಲಿ.

ಮೂರನೆಯದು ಬಿಗಿತದ ಹಾದಿ. ತಮಟೆಯನ್ನು ಬಡಿಯುವ ಮೊದಲು ಒಣಗಿದ ಗರಿಯನ್ನೋ ಹುಲ್ಲನ್ನೋ ಉರಿಸಿ ಅದರ ಚರ್ಮವನ್ನು ಕಾಯಿಸುತ್ತಾರೆ. ಚರ್ಮವು ಗಾಳಿಯ ತೇವವನ್ನು ಹೀರಿಕೊಂಡು ಸಡಿಲವಾಗುವ ಸ್ವಭಾವದ್ದು. ಬೆಂಕಿಯ ಕಾವಿಗೆ ತೇವವಾರಿ ಚರ್ಮ ಬಿಗಿಯುತ್ತದೆ, ಸ್ವರ ಮೇಲೇರುತ್ತದೆ. ಮಳೆಗಾಲದ ತಮಟೆಗೂ ಬೇಸಗೆಯ ತಮಟೆಗೂ ಸ್ವರ ಒಂದೇ ಆಗಿರಲಾರದು. ಈ ಬಿಗಿತವನ್ನು ನುಡಿಸುತ್ತಿರುವಾಗಲೇ ಬದಲಿಸುವ ವಾದ್ಯ ಉರುಮೆ. ಅದಕ್ಕೆ ನಡು ಸಣ್ಣ, ಮುಖಗಳೆರಡು. ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ. ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜುವ ಕೋಲು ಚರ್ಮವನ್ನು ಕ್ಷಣ ಕಾಲ ಹಿಡಿದೆಳೆಯುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಕೋಲನ್ನು ಒತ್ತಿದಂತೆಲ್ಲ ಚರ್ಮ ಬಿಗಿದು ಸ್ವರ ಮೇಲಕ್ಕೆ ಜಾರುತ್ತದೆ. ಒತ್ತು ಸಡಿಲಿಸಿದರೆ ಕೆಳಕ್ಕಿಳಿಯುತ್ತದೆ. ಉರುಮೆಯ ಗೂಳಿಯಂತಹ ಹೂಂಕಾರ ಹುಟ್ಟುವುದು ಹೀಗೆ.

ಈಗ ಬೇಸ್ ಗಿಟಾರಿಗೆ ಮರಳೋಣ. ಸಾಮಾನ್ಯ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್ ಗಿಟಾರಿನದು ಅದರ ಅರ್ಧ. ಉದ್ದವೊಂದರಿಂದಲೇ ಇದನ್ನು ಸಾಧಿಸಬೇಕಾದರೆ ಇಪ್ಪತ್ತೈದೂವರೆ ಅಂಗುಲದ ತಂತಿಯನ್ನು 51 ಅಂಗುಲಕ್ಕೆ ಬೆಳೆಸಬೇಕು. ನುಡಿಸುವವನ ಎಡಗೈಗೆ ಅದು ಎಟುಕುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಬೇಸ್ ಗಿಟಾರಿನ ತಂತಿಯನ್ನು 34 ಅಂಗುಲಕ್ಕೆ ನಿಲ್ಲಿಸಿ, ಉಳಿದುದನ್ನು ಭಾರದಿಂದ ತುಂಬುತ್ತಾರೆ. ಬಿಗಿತ ಒಂದೇ ಇದ್ದರೆ ಅಂಗುಲವೊಂದಕ್ಕೆ ತಂತಿಯ ತೂಕ ಎರಡೂಕಾಲು ಪಟ್ಟು ಆಗಬೇಕೆಂದು ಲೆಕ್ಕ ಹೇಳುತ್ತದೆ. ಆದರೆ ದಪ್ಪನೆಯ ಒಂಟಿ ತಂತಿ ಸಲಾಕೆಯಂತೆ ಬಾಗಲಾರದು, ಅದರ ಉಪಸ್ವರಗಳು ಅಪಸ್ವರವಾಗುತ್ತವೆ. ಅದಕ್ಕಾಗಿ ತೆಳುವಾದ ಉಕ್ಕಿನ ತಂತಿಯ ಮೇಲೆ ಇನ್ನೊಂದು ತಂತಿಯನ್ನು ಒತ್ತಾಗಿ ಸುತ್ತುತ್ತಾರೆ. ಸುತ್ತು ಭಾರವನ್ನು ಕೊಡುತ್ತದೆ, ಒಳಗಿನ ಎಳೆ ಬಳುಕನ್ನು ಉಳಿಸಿಕೊಳ್ಳುತ್ತದೆ. ಬಿಗಿತವನ್ನು ಬಹಳ ಇಳಿಸುವಂತೆಯೂ ಇಲ್ಲ. ಸಡಿಲವಾದ ತಂತಿ ಜೋಲಾಡಿ ಕತ್ತಿಗೆ ತಗುಲುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. 41 ಕಂಪನಗಳ ಸ್ವರದ ಅಲೆ ಎಂಟು ಮೀಟರಿಗೂ ಮಿಕ್ಕದ್ದು. ಇಷ್ಟು ದೊಡ್ಡ ಅಲೆಯನ್ನು ಸಣ್ಣ ಹಲಗೆ ಗಾಳಿಯಲ್ಲಿ ಎಬ್ಬಿಸಲಾರದು. ಹಲಗೆಯ ಮುಂದೆ ಒತ್ತಿದ ಗಾಳಿ ಸುತ್ತಿ ಬಂದು ಹಿಂದಿನ ಕೊರತೆಯನ್ನು ತುಂಬಿಬಿಡುತ್ತದೆ. ಯೂರೋಪಿನ ಡಬಲ್ ಬೇಸ್ ಎಂಬ ವಾದ್ಯ ಆಳೆತ್ತರ ಬೆಳೆದಿರುವುದಕ್ಕೂ ನಮ್ಮ ಡೊಳ್ಳಿನ ಹೊಟ್ಟೆ ದೊಡ್ಡದಾಗಿರುವುದಕ್ಕೂ ಇದೇ ಕಾರಣ. ಈ ತೊಡಕನ್ನು ವಿದ್ಯುತ್ತು ಬಿಡಿಸಿತು. ಅಮೆರಿಕದಲ್ಲಿ 1930ರ ದಶಕದಲ್ಲಿಯೇ ಪಾಲ್ ಟಟ್‌ಮಾರ್ಕ್ ಎಂಬಾತ ವಿದ್ಯುತ್ ಬೇಸ್ ಗಿಟಾರನ್ನು ಮಾಡಿದ್ದನು. 1951ರಲ್ಲಿ ಲಿಯೋ ಫೆಂಡರನು ಮಾರುಕಟ್ಟೆಗೆ ತಂದ ವಾದ್ಯದಿಂದ ಅದು ಲೋಕದಲ್ಲಿ ಹರಡಿತು. ತಂತಿಯ ಕೆಳಗೆ ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಅಲುಗಿದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ; 1831ರಲ್ಲಿ ಫ್ಯಾರಡೆ ಕಂಡ ತತ್ತ್ವವೇ ಇದು. ಅದನ್ನು ಹಿಗ್ಗಿಸಿ ದೊಡ್ಡ ಧ್ವನಿವರ್ಧಕಕ್ಕೆ ಕೊಟ್ಟರೆ ಗಾಳಿಯನ್ನು ತಳ್ಳುವ ಕೆಲಸವನ್ನು ಅದು ವಹಿಸಿಕೊಳ್ಳುತ್ತದೆ. ವಾದ್ಯದ ಹೊಟ್ಟೆ ವಾದ್ಯವನ್ನು ಬಿಟ್ಟು ಪಕ್ಕದ ಪೆಟ್ಟಿಗೆಗೆ ಹೋಗಿ ಕುಳಿತಿತು!

ನಮ್ಮ ಕಿವಿಯೂ ಈ ವಿಷಯದಲ್ಲಿ ಪಕ್ಷಪಾತಿ. ಸೆಕೆಂಡಿಗೆ 40 ಕಂಪನಗಳ ಸ್ವರ ಬರಿದೆ ಕೇಳಿಸುವಂತಾಗಬೇಕಾದರೂ, 1,000 ಕಂಪನಗಳ ಸ್ವರಕ್ಕೆ ಬೇಕಾದುದರ ಇನ್ನೂರೈವತ್ತು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. ಸಣ್ಣ ಧ್ವನಿವರ್ಧಕವಂತೂ ಇಂತಹ ಸ್ವರವನ್ನು ಹೊರಡಿಸುವುದೇ ಇಲ್ಲ. ಮೊಬೈಲಿನಲ್ಲಿ ಹಾಡು ಕೇಳುವಾಗ ಬೇಸಿನ ನಡೆ ಸ್ವಲ್ಪವಾದರೂ ತಿಳಿಯುವುದೆಂದರೆ, ಉಪಸ್ವರಗಳನ್ನು ಕೇಳಿ ಮೂಲಸ್ವರವನ್ನು ನಮ್ಮ ಮೆದುಳು ಊಹಿಸಿಕೊಳ್ಳುತ್ತದೆ, ಅಷ್ಟೆ.

ಸಂಗ್ರಹದ ಪ್ರಶ್ನೆ ಇಲ್ಲಿಗೇ ಬಂದು ಸೇರುತ್ತದೆ. ವಾದ್ಯಗಳನ್ನು ತಂತಿ, ಗಾಳಿ, ಚರ್ಮ, ಘನ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮ ನಾಟ್ಯಶಾಸ್ತ್ರದಷ್ಟು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಸೆಲ್ಸಿನ ವಾದ್ಯಸಂಗ್ರಹಕ್ಕೆ ಬಂಗಾಳದ ಸೌರೀಂದ್ರಮೋಹನ ಠಾಕೂರರು ಭಾರತದ ವಾದ್ಯಗಳನ್ನು ಕಳುಹಿಸಿದರು. ಅಲ್ಲಿನ ಮಾಹಿಯೋಂ ಎಂಬ ವಿದ್ವಾಂಸನು ಈ ನಾಲ್ಕರ ಕ್ರಮವನ್ನೇ ತನ್ನ ಪಟ್ಟಿಗೆ ಆಧಾರವಾಗಿ ಮಾಡಿಕೊಂಡನು. ಅದನ್ನು ಬೆಳೆಸಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಎಂಬವರು 1914ರಲ್ಲಿ ಪ್ರಕಟಿಸಿದ ವರ್ಗೀಕರಣವನ್ನು ವಸ್ತುಸಂಗ್ರಹಾಲಯಗಳು ಇಂದಿಗೂ ಬಳಸುತ್ತವೆ. ನಮ್ಮ ನಾಡಿನಲ್ಲಿಯೂ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಹಳ್ಳಿಯ ವಾದ್ಯಗಳನ್ನು ಕಾಣಬಹುದು. ಇವು ಇಲ್ಲದಿದ್ದರೆ ಎಷ್ಟೋ ವಾದ್ಯಗಳ ರೂಪವೇ ನಮಗೆ ಉಳಿಯುತ್ತಿರಲಿಲ್ಲ.

ಆದರೆ ರೂಪ ಉಳಿದರೆ ಧ್ವನಿ ಉಳಿದಂತಾಯಿತೆ? ನಾವು ಮೇಲೆ ಕಂಡ ಮೂರು ಹಾದಿಗಳಲ್ಲಿ ಗಾಜಿನ ಕಪಾಟಿನೊಳಗೆ ಉಳಿಯುವುದು ಮೊದಲನೆಯದೊಂದೇ. ಗಣೆಯ ಉದ್ದವನ್ನು ಯಾರೂ ಯಾವಾಗಲಾದರೂ ಅಳೆಯಬಹುದು. ರವೆಯ ಭಾರ ಕಚೇರಿಯ ರಾತ್ರಿಯೇ ಕೆರೆದು ಹೋಗುತ್ತದೆ. ತಮಟೆಯ ಬಿಗಿತ ಬೆಂಕಿಯೊಡನೆ ಆರುತ್ತದೆ. ಉರುಮೆಯ ಸ್ವರವಿರುವುದು ಕೋಲನ್ನು ಒತ್ತುವ ಕೈಯಲ್ಲಿ. ನುಡಿಸುವವನಿಲ್ಲದ ಉರುಮೆ ಮರ ಮತ್ತು ಚರ್ಮ, ಅಷ್ಟೆ. ಬೇಸ್ ಗಿಟಾರಿನ ತಂತಿ ತುಂಡಾದರೆ ಅದೇ ಅಳತೆಯ ಇನ್ನೊಂದನ್ನು ಅಂಗಡಿಯಲ್ಲಿ ಕೊಳ್ಳಬಹುದು, ಏಕೆಂದರೆ ಅದರ ಅಳತೆಯೆಲ್ಲ ಕಾಗದದ ಮೇಲಿದೆ. ಉರುಮೆಯ ಚರ್ಮ ಹರಿದರೆ, ಅದನ್ನು ಮುಚ್ಚಬಲ್ಲವನು ಊರಿನಲ್ಲಿ ಉಳಿದಿಲ್ಲವಾದರೆ, ಆ ಸ್ವರವೇ ಮುಗಿಯಿತು.

ಆದ್ದರಿಂದ ಅಪರೂಪದ ವಾದ್ಯವನ್ನು ಸಂಗ್ರಹಿಸಬಯಸುವವರು ವಾದ್ಯಕ್ಕಿಂತ ಮೊದಲು ಅದರ ವಿವರವನ್ನು ಸಂಗ್ರಹಿಸಬೇಕು. ಕೊಳವೆಯ ಉದ್ದವೆಷ್ಟು, ಒಳ ಅಳತೆಯೆಷ್ಟು, ರಂಧ್ರಗಳ ಅಂತರವೆಷ್ಟು. ಚರ್ಮ ಯಾವ ಪ್ರಾಣಿಯದು, ಅದನ್ನು ಹದ ಮಾಡಿದ್ದು ಹೇಗೆ, ಕಾಯಿಸಿದ್ದು ಎಷ್ಟು ಹೊತ್ತು. ಪ್ರತಿಯೊಂದು ಭಾಗಕ್ಕೂ ನುಡಿಸುವವರು ಹೇಳುವ ಹೆಸರೇನು. ಇವನ್ನು ಬರೆದುಕೊಳ್ಳಲು ಒಂದು ಅಳತೆಪಟ್ಟಿ, ಒಂದು ಪುಸ್ತಕ ಸಾಕು. ಧ್ವನಿಯನ್ನು ಮುದ್ರಿಸುವಾಗ ಮಾತ್ರ ಎಚ್ಚರ ಬೇಕು. ಮಾತನ್ನು ಹಿಡಿಯಲೆಂದು ಮಾಡಿದ ಸಣ್ಣ ಯಂತ್ರಗಳು ತಗ್ಗಿನ ಸ್ವರವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಡೊಳ್ಳನ್ನು ಮುದ್ರಿಸಿದೆವೆಂದು ನಾವು ತೃಪ್ತರಾಗುತ್ತೇವೆ, ಒಳಗಿರುವುದು ಅದರ ಪಟಪಟ ಮಾತ್ರ. ಮಂದ್ರಸ್ವರವನ್ನು ಸರಿಯಾಗಿ ಹಿಡಿಯುವ ಮೈಕನ್ನು ಬಳಸಿ, ನುಡಿಸುವವರ ಒಪ್ಪಿಗೆಯಿಂದ, ಅವರ ಕೈಯ ಚಿತ್ರವನ್ನೂ ಜೊತೆಗೆ ತೆಗೆಯಬೇಕು. ಗಣೆಯಂತಹ ಪೂಜ್ಯವಸ್ತುವನ್ನು ಅದರ ಹಟ್ಟಿಯಿಂದ ಕೊಂಡುತರುವುದಕ್ಕಿಂತ, ಅದು ಅಲ್ಲಿಯೇ ನುಡಿಯುತ್ತಿರುವಂತೆ ನೋಡಿಕೊಳ್ಳುವುದು ಹೆಚ್ಚಿನ ಸಂಗ್ರಹ.

ಈ ಕೆಲಸಕ್ಕೆ ಚಪ್ಪರದ ಮೂಲೆಯಲ್ಲಿ ನಿಂತ ಆ ಬೇಸ್ ಗಿಟಾರಿನ ಯುವಕನಿಗಿಂತ ತಕ್ಕವರು ಯಾರು? ತಗ್ಗಿನ ಸ್ವರಕ್ಕೆ ಅವನ ಕಿವಿ ಪಳಗಿದೆ. ಮೈಕು, ಮುದ್ರಣಯಂತ್ರಗಳ ಪರಿಚಯವೂ ಅವನಿಗಿದೆ. ಅವನು ಒಂದು ದಿನ ಬಿಡುವು ಮಾಡಿಕೊಂಡು ತನ್ನೂರಿನ ಉರುಮೆಯ ಹಿರಿಯರ ಬಳಿ ಕುಳಿತರೆ, ಆ ವಾದ್ಯದ ಮರ್ಮವನ್ನು ಅವರ ಕೈಯಿಂದಲೇ ಕಲಿಯಬಹುದು. ಮುಂದಿನ ಜಾತ್ರೆಯವರೆಗೆ ಕಾಯುವುದು ಬೇಡ. ಬಲ್ಲವರು ಇರುವಾಗಲೇ ಕೇಳಿ ತಿಳಿದುಕೊಳ್ಳುವುದು ಲೇಸು.